ಬುಧವಾರದವರೆಗೆ ಬಿಚ್ಚಬಾರದು

ಜೂನ್ 12, ಗುರುವಾರ

ಬೆಳಿಗ್ಗೆ ಚಪ್ಪಲಿ ಹಾಕಿಕೊಳ್ಳುವಾಗ ಕಂಡಿತು: ಎಡಗಾಲಿನ ಚಪ್ಪಲಿಯ ಬಾರು ಬಲಗಾಲಿನದಕ್ಕಿಂತ ಎರಡು ತೂತು ಸಡಿಲವಾಗಿದೆ. ಸರಿಸಿದವಳು ನಾನೇ ಇರಬೇಕು. ಬೇರೆ ಯಾರಿಗೆ ನನ್ನ ಚಪ್ಪಲಿಯ ಮೇಲೆ ಅಷ್ಟು ಅಕ್ಕರೆ? ಆದರೆ ಯಾವಾಗ ಸರಿಸಿದೆನೋ ನೆನಪಿಲ್ಲ. ಕಾಲು ದಪ್ಪಗಾಗುತ್ತ ಹೋಗಿದೆ, ಕೈ ನನ್ನನ್ನು ಕೇಳದೆ ಅದಕ್ಕೆ ಜಾಗ ಮಾಡಿಕೊಡುತ್ತ ಹೋಗಿದೆ. ಈ ಕಾಲಿನ ವಿಷಯದಲ್ಲಿ ನನ್ನನ್ನು ಕೇಳದೆ ಕೆಲಸ ಮಾಡುವವರು ಮನೆತುಂಬ ಇದ್ದಾರೆ. ಈಗ ನನ್ನ ಕೈಯೂ ಅವರ ಕಡೆ ಸೇರಿತು.

ಫೆಬ್ರವರಿಯಲ್ಲಿ ಶಾಲೆಯ ಕಬ್ಬಿಣದ ಬೆಂಚಿನ ಮೂಲೆ ತಗಲಿ ಆದ ಗಾಯ. ಎಡಗಾಲಿನ ಹರಡಿನ ಒಳಮಗ್ಗುಲಿಗೆ, ಸ್ವಲ್ಪ ಮೇಲೆ. ಆಗ ಅಕ್ಕಿಕಾಳಿನಷ್ಟಿತ್ತು, ಈಗ ನಿಂಬೆಹಣ್ಣಿನ ಹೋಳಿನಷ್ಟಿದೆ. ಸುತ್ತ ಚರ್ಮ ಕಂದಿದೆ, ನಡುವೆ ಸದಾ ಒದ್ದೆ. ಎಂ.ಎ.ಯಲ್ಲಿ ಎರಡು ವರ್ಷ ನವರಸಗಳನ್ನು ಓದಿದೆ. ರಸಿಗೆಯ ಬಗ್ಗೆ ಯಾರೂ ಪಾಠ ಮಾಡಲಿಲ್ಲ.

ನಾನು ಕಲಿಸುವುದು ಎಂಟು, ಒಂಬತ್ತನೇ ತರಗತಿಗೆ ಕನ್ನಡ. ನಮ್ಮ ಶಾಲೆಯ ತರಗತಿಗಳಲ್ಲಿ ಟೀಚರಿಗೆ ಕುರ್ಚಿ ಇಲ್ಲ. ಮೊದಲು ಇತ್ತಂತೆ. ಕೂತು ಪಾಠ ಮಾಡುವವರಿಗೆ ನಿದ್ದೆ ಬರುತ್ತದೆಂದು ಹೆಡ್‌ಮೇಡಂ ಒಂದು ರಜೆಯಲ್ಲಿ ಎಲ್ಲ ಕುರ್ಚಿಗಳನ್ನೂ ತೆಗೆಸಿ ಉಗ್ರಾಣದಲ್ಲಿ ಪೇರಿಸಿಟ್ಟರು. ಕೆಲಸಕ್ಕೆ ಸೇರಿದ ದಿನ ಅವರೇ ನನಗೆ ಇದನ್ನು ವಿವರಿಸಿದರು, ತಮ್ಮ ತಿರುಗುವ ಕುರ್ಚಿಯಲ್ಲಿ ಅರ್ಧ ಸುತ್ತು ತಿರುಗಿ.

ಜೂನ್ 15, ಭಾನುವಾರ

ಇವತ್ತು ಪ್ರದರ್ಶನ ಎರಡು ಆಟ ನಡೆಯಿತು.

ಮನೆಗೆ ಯಾರೇ ಬರಲಿ, ಅಮ್ಮ ಮೊದಲು ಕುಡಿಯಲು ನೀರು ಕೊಡುತ್ತಾಳೆ, ಆಮೇಲೆ ನನ್ನ ಗಾಯ ತೋರಿಸುತ್ತಾಳೆ. "ಸ್ವಲ್ಪ ತೋರಿಸೇ, ನೋಡ್ಲಿ" ಎನ್ನುತ್ತಾಳೆ. ನಾನು ಕಾಲು ಚಾಚುತ್ತೇನೆ. ಅಂಟಿಕೊಂಡ ಹತ್ತಿಯನ್ನು ಎಳೆಯುವಾಗ ಒಂದಿಷ್ಟು ಹೊಸ ಚರ್ಮವೂ ಜೊತೆಗೆ ಬರುತ್ತದೆ. ಬಂದವರು "ಅಯ್ಯೋ ಪಾಪ, ನೋಡೋಕಾಗಲ್ಲ" ಎನ್ನುತ್ತಾರೆ, ಇನ್ನಷ್ಟು ಹತ್ತಿರಕ್ಕೆ ಬಗ್ಗುತ್ತಾರೆ.

ಬೆಳಗಿನ ಆಟಕ್ಕೆ ಎದುರುಮನೆಯವರು ಬಂದಿದ್ದರು. ನೋಡಿ "ಇದು ಉಷ್ಣ" ಎಂದರು. ಮಧ್ಯಾಹ್ನದ ಆಟಕ್ಕೆ ದೊಡ್ಡಮ್ಮ. ಅಮ್ಮನ ಅಕ್ಕ, ಎರಡು ಬೀದಿ ಆಚೆ ಇದ್ದಾರೆ. ವೈದ್ಯ ಓದಿಲ್ಲ ಎನ್ನುವುದೊಂದನ್ನು ಬಿಟ್ಟರೆ ವೈದ್ಯರಾಗಲು ಬೇಕಾದದ್ದೆಲ್ಲ ಅವರಲ್ಲಿದೆ. ಕನ್ನಡಕ ಏರಿಸಿ, ಗಾಯದ ಸುತ್ತ ಬೆರಳಿನಿಂದ ಒತ್ತಿ, ನಾನು ಮುಖ ಕಿವುಚಿದ್ದನ್ನು ನೋಡಿ ತೃಪ್ತಿಯಿಂದ "ಶೀತ" ಎಂದರು.

"ಎದುರುಮನೆಯವರು ಉಷ್ಣ ಅಂದ್ರಕ್ಕಾ," ಎಂದಳು ಅಮ್ಮ.

"ಅವರ ಮನೆ ಗಂಡಸರ ಕೆಮ್ಮು ನಿಂತಿದೆಯಾ ಕೇಳು ಮೊದಲು."

ಚೀಲದಿಂದ ಡಬ್ಬಿ ಬಂತು, ಡಬ್ಬಿಯಿಂದ ಹಸಿರು ಮುದ್ದೆ ಬಂತು. ಯಾವ ಸೊಪ್ಪು ಎಂದು ಅಣ್ಣ ಕೇಳಿದ. ಹೇಳಿದರೆ ಗುಣ ಹೋಗುತ್ತದಂತೆ. ಅಣ್ಣ ಟೈರ್ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ, ತೂತು ಬಿದ್ದದ್ದೆಲ್ಲ ತನ್ನ ಇಲಾಖೆ ಎಂದುಕೊಂಡಿದ್ದಾನೆ. ಮೊಬೈಲಿನ ಬೆಳಕು ಬಿಟ್ಟು, "ಸ್ವಲ್ಪ ಈ ಕಡೆ ತಿರುಗಿಸು, ಒಳಗೆ ಕಾಣ್ತಿಲ್ಲ" ಎಂದ. ಅಪ್ಪನಿಗೆ ರಕ್ತ ಕಂಡರೆ ತಲೆಸುತ್ತು. ಅವರು ಪೇಪರಿನ ಹಿಂದಿನಿಂದಲೇ "ಹೇಗಿದೆ?" ಎಂದು ಕೇಳುತ್ತಾರೆ, ಪೇಪರಿನ ಹಿಂದಿನಿಂದಲೇ ನಿಟ್ಟುಸಿರು ಬಿಡುತ್ತಾರೆ.

ಹೇಳಬೇಕು ಎಂದುಕೊಂಡದ್ದು: ಬಂದವರಿಗೆಲ್ಲ ತೆಗೆದು ತೋರಿಸುವುದಕ್ಕೆ ಇದು ಮದುವೆ ಆಲ್ಬಂ ಅಲ್ಲ, ಕಾಲು. ಬರೆಯುವಾಗ ಎಷ್ಟು ಸಲೀಸು.

ಜೂನ್ 19

ಬೀದಿ ಕೊನೆಯ ಡಾಕ್ಟರ ಹತ್ತಿರ ಮೂರನೇ ಸಲ. ಅವರು ಫೋನಿನಲ್ಲಿ ಬಚ್ಚಲುಮನೆಗೆ ಟೈಲ್ಸ್ ಆರಿಸುತ್ತಿದ್ದರು. ಕಣ್ಸನ್ನೆಯಲ್ಲೇ ಕೂರಲು ಹೇಳಿದರು.

"ಬಿಳಿ ಬೇಡ, ಕೊಳೆ ಎದ್ದು ಕಾಣುತ್ತೆ. ಏನಾಗಿದೆ?"

ಕೊನೆಯ ಪ್ರಶ್ನೆ ನನಗೆ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಅಷ್ಟರಲ್ಲಿ ಅಮ್ಮ ಉತ್ತರಿಸಿದ್ದಳು. "ಅದೇ ಗಾಯ ಡಾಕ್ಟ್ರೇ, ಒಣಗ್ತಾನೇ ಇಲ್ಲ."

"ಸಕ್ಕರೆ ಕಾಯಿಲೆ ಇದೆಯಾ?"

"ನೀವೇ ಟೆಸ್ಟ್ ಮಾಡಿಸಿ ಇಲ್ಲ ಅಂದಿದ್ರಲ್ಲ."

"ಹಾಂ, ಇಲ್ಲ. ಆ ಬೂದು ಬಣ್ಣದ್ದು ತೋರಿಸಿ ನೋಡೋಣ."

ಬೂದು ಬಣ್ಣದ್ದು ಟೈಲ್ಸ್. ಕಾಲನ್ನು ನೋಡಲಿಲ್ಲ. ಹೋದ ಸಲದ ಮಾತ್ರೆಯನ್ನೇ ಬರೆದುಕೊಟ್ಟರು, ಮೇಲೆ ಉದುರಿಸಲು ಪುಡಿ. ಕೃತಿಯನ್ನು ಓದದೆ ವಿಮರ್ಶೆ ಬರೆಯುವವರ ಮೇಲೆ ನಮ್ಮ ಮೇಷ್ಟ್ರು ತರಗತಿಯಲ್ಲಿ ಕೆಂಡ ಕಾರುತ್ತಿದ್ದರು. ಇಲ್ಲಿಗೆ ಒಮ್ಮೆ ಬಂದಿದ್ದರೆ ವಿಮರ್ಶಕರನ್ನೆಲ್ಲ ಕ್ಷಮಿಸಿಬಿಡುತ್ತಿದ್ದರು.

ಜೂನ್ 24

ಪುಡಿ ರಸಿಗೆಯ ಜೊತೆ ಸೇರಿ ಸಿಮೆಂಟಿನಂತೆ ಹಕ್ಕಳೆ ಕಟ್ಟಿದೆ. ಒಳಗೆ ಏನು ನಡೆಯುತ್ತಿದೆಯೋ.

ಒಂಬತ್ತನೇ ತರಗತಿಯ ಮೊದಲ ಬೆಂಚಿನ ಹುಡುಗಿ ಪಾಠದ ನಡುವೆ ಎದ್ದು ಹೋಗಿ ಕಿಟಕಿ ತೆರೆದಳು. ಯಾಕೆಂದು ಹೇಳಲಿಲ್ಲ. ನಾನೂ ಕೇಳಲಿಲ್ಲ. ಆಮೇಲೆ ಕಿಟಕಿಯ ಪಕ್ಕವೇ ನಿಂತು ಪಾಠ ಮುಗಿಸಿದೆ.

ಜೂನ್ 30, ಸೋಮವಾರ

ಸ್ಟಾಫ್‌ರೂಮಿನಲ್ಲಿ ನನ್ನ ಕಾಲಿನ ಬಗ್ಗೆ ವಿಚಾರ ಸಂಕಿರಣ. ವಿಜ್ಞಾನದ ಮೇಡಂ ಜೇನುತುಪ್ಪದ ಪರ, ಡ್ರಿಲ್ ಮೇಷ್ಟ್ರು ಬಿಸಿನೀರಿನ ಪರ. "ಓಡ್ಬೇಕು ಮಿಸ್, ಓಡಿದ್ರೆ ಎಲ್ಲ ಸರಿಹೋಗುತ್ತೆ" ಎಂದು ಮೇಷ್ಟ್ರು ಕೂತಲ್ಲಿಂದ ಹೇಳಿದರು. ಅವರು ಓಡಿದ್ದನ್ನು ಯಾರೂ ನೋಡಿಲ್ಲ.

ಗಣಿತದ ಮೇಡಂ ಮಾತ್ರ ಉತ್ತರಪತ್ರಿಕೆಗಳಿಂದ ತಲೆ ಎತ್ತಲಿಲ್ಲ. ಎಲ್ಲರೂ ಹೋದ ಮೇಲೆ ಕೆಂಪು ಪೆನ್ನಿನ ಕ್ಯಾಪು ಮುಚ್ಚಿ ಕೇಳಿದರು. "ಸಂಜೆ ಹೊತ್ತಿಗೆ ಕಾಲು ಭಾರ ಆಗುತ್ತಾ?"

"ಆಗುತ್ತೆ ಮೇಡಂ."

"ಬುಧವಾರ ದೊಡ್ಡಾಸ್ಪತ್ರೆಗೆ ಹೋಗು. ಹಿಂದಿನ ಕಟ್ಟಡ, ನೆಲಮಾಳಿಗೆ. ಒಣಗದ ಗಾಯಗಳನ್ನೇ ನೋಡೋ ಡಾಕ್ಟರೊಬ್ಬರು ಇರ್ತಾರೆ. ನಮ್ಮ ಮಾವನ ಕಾಲು ಅಲ್ಲೇ ವಾಸಿಯಾಗಿದ್ದು."

ನಾನು ಅಭ್ಯಾಸಬಲದಿಂದ ಬಟ್ಟೆ ಸ್ವಲ್ಪ ಮೇಲೆತ್ತಿ, "ನೋಡ್ತೀರಾ?" ಎಂದೆ.

"ನಾನ್ಯಾಕೆ ನೋಡ್ಲಿ? ನೋಡಿದ್ರೆ ನಂಗೇನು ಗೊತ್ತಾಗುತ್ತೆ?"

ಗಾಯವಾದಾಗಿನಿಂದ ಈ ಮಾತು ಹೇಳಿದವರು ಇವರೊಬ್ಬರೇ. ಮನೆಗೆ ಬರುವ ದಾರಿಯುದ್ದಕ್ಕೂ ಅದನ್ನೇ ಚಪ್ಪರಿಸುತ್ತ ಬಂದೆ.

ಜುಲೈ 2, ಬುಧವಾರ

ಅಮ್ಮನಿಗೆ ತಲೆನೋವು. ಅಣ್ಣ ಆಸ್ಪತ್ರೆ ಗೇಟಿನಲ್ಲಿ ಇಳಿಸಿ ಅಂಗಡಿಗೆ ಓಡಿದ. ಹಾಗಾಗಿ ಮೊದಲ ಬಾರಿಗೆ ನಾನು ಮತ್ತು ಕಾಲು ಇಬ್ಬರೇ.

ನೆಲಮಾಳಿಗೆಯ ಕೋಣೆಯ ಹೊರಗೆ ಬೆಂಚಿನ ಮೇಲೆ ಹತ್ತಾರು ಜನ ಕಾಲು ಚಾಚಿ ಕೂತಿದ್ದರು. ಯಾರೂ ಯಾರ ಕಾಲನ್ನೂ ನೋಡುತ್ತಿರಲಿಲ್ಲ. ಇಷ್ಟು ಸಭ್ಯ ಜನರ ನಡುವೆ ಕೂತು ಬಹಳ ದಿನಗಳಾಗಿದ್ದವು.

ಡಾಕ್ಟರಿಗೆ ಅಪ್ಪನ ವಯಸ್ಸು. ನನ್ನ ಚೀಟಿಗಳ ಕಟ್ಟನ್ನು ಪಕ್ಕಕ್ಕಿಟ್ಟು, "ಎಲ್ಲಿ, ಸ್ಟೂಲ್ ಮೇಲೆ ಹತ್ತಿ ನಿಂತ್ಕೊಳ್ಳಿ" ಎಂದರು. ಗಾಯ ಈಚೆ ಇದ್ದರೆ ಅವರು ಹಿಂದೆ ಹೋಗಿ ಬಗ್ಗಿದರು.

"ಈ ನರಗಳು ಯಾವಾಗಿಂದ ಹೀಗಿವೆ?"

"ಯಾವ ನರ?"

"ಗಂಟುಗಂಟಾಗಿ ನಿಂತಿವೆಯಲ್ಲ. ನಿಮ್ಮ ಕಾಲು ನೀವೇ ನೋಡ್ಕೊಂಡಿಲ್ವಾ?"

ಕತ್ತು ತಿರುಗಿಸಿ ನೋಡಿದೆ. ಮೀನಖಂಡದ ಮೇಲೆ ಹಸಿರು ಹಗ್ಗಗಳು ಹೆಣೆದುಕೊಂಡಿದ್ದವು. ಇವು ಯಾವಾಗ ಬಂದವು? ಬೀದಿಯೆಲ್ಲ ಗಾಯವನ್ನು ನೋಡಿತ್ತು, ಕಾಲನ್ನು ಯಾರೂ ನೋಡಿರಲಿಲ್ಲ.

"ಏನು ಕೆಲಸ?"

"ಟೀಚರ್."

"ದಿನವಿಡೀ ನಿಂತೇ ಇರ್ತೀರ?"

"ಕುರ್ಚಿ ಇಲ್ಲ."

ಅವರು ನಗಲಿಲ್ಲ. ಪಾದದ ಮೇಲೆ ತಣ್ಣನೆಯ ಅಂಟು ಹಚ್ಚಿ, ಪೆನ್ನಿನಂಥ ಉಪಕರಣ ಇಟ್ಟರು. ಅದರಿಂದ ಹುಶ್, ಹುಶ್ ಎಂದು ಯಾರೋ ಮೆಟ್ಟಿಲು ಗುಡಿಸಿದ ಹಾಗೆ ಸದ್ದು ಬಂತು, ರಕ್ತ ಓಡುವ ಸದ್ದಂತೆ. ಕೈಯ ರಕ್ತದೊತ್ತಡ ನೋಡಿದರು, ಕಾಲಿನ ಒತ್ತಡ ನೋಡಿದರು. ಪಕ್ಕದ ಕೋಣೆಯಲ್ಲಿ ಸ್ಕ್ಯಾನ್ ಮಾಡಿಸಿದರು. ಆಮೇಲೆ ಎದುರಿಗೆ ಕೂತು ನಿಧಾನವಾಗಿ ಹೇಳಿದರು.

"ಕಾಲಿಗೆ ರಕ್ತ ಚೆನ್ನಾಗಿ ಬರ್ತಿದೆ. ಹಾಗಾಗಿ ಬಿಗಿಯಾಗಿ ಕಟ್ಟಬಹುದು. ತೊಂದರೆ ಇರೋದು ವಾಪಸ್ ಮೇಲೆ ಹೋಗೋದ್ರಲ್ಲಿ. ಮೇಲಕ್ಕೆ ಒಯ್ಯೋ ಆ ನರಗಳಲ್ಲಿ ಸಣ್ಣಸಣ್ಣ ಬಾಗಿಲುಗಳಿರ್ತವೆ. ನಿಮ್ಮವು ಸರಿಯಾಗಿ ಮುಚ್ಚಲ್ಲ. ಹತ್ತಿದ ರಕ್ತ ಜಾರಿ ಕೆಳಗೇ ನಿಲ್ಲುತ್ತೆ, ಕಾಲು ಊದುತ್ತೆ. ಊದಿದ ಕಾಲಲ್ಲಿ ಗಾಯ ಮುಚ್ಚಲ್ಲ, ನೀವು ಚಿನ್ನ ಅರೆದು ಹಚ್ಚಿದ್ರೂ."

ಹಕ್ಕಳೆ ನೆನೆಸಿ ತೆಗೆದರು. ನೋವಾಯಿತು, ಆದರೆ ಯಾರೂ "ಅಯ್ಯೋ" ಎನ್ನದ ಕಾರಣ ಅರ್ಧದಷ್ಟೇ ಆಯಿತು. ಗಾಯದ ಮೇಲೆ ಮೆತ್ತನೆಯದೊಂದು ಹೊದಿಸಿ, ಬೆರಳುಗಳ ಬುಡದಿಂದ ಮೊಣಕಾಲಿನ ಕೆಳಗಿನವರೆಗೆ ಪದರಪದರವಾಗಿ ಪಟ್ಟಿ ಸುತ್ತಿದರು.

"ಮುಂದಿನ ಬುಧವಾರದವರೆಗೆ ಬಿಚ್ಚಬಾರದು. ಬೆರಳು ನೀಲಿಯಾದ್ರೆ, ಮರಗಟ್ಟಿದ್ರೆ, ತುಂಬಾ ನೋವಾದ್ರೆ ತಕ್ಷಣ ಬನ್ನಿ. ನಡೀರಿ, ಆದ್ರೆ ನಿಂತಲ್ಲೇ ನಿಲ್ಬೇಡಿ. ಕೂತಾಗ ಕಾಲು ಎತ್ತರದಲ್ಲಿರ್ಲಿ."

"ವಾಸಿಯಾಗುತ್ತಾ?"

"ಯಾರೂ ಕೈ ಹಾಕದಿದ್ರೆ ಮೂರು ತಿಂಗಳು ಹಿಡಿಯುತ್ತೆ. ಆಮೇಲೆ ಆ ನರಕ್ಕೊಂದು ಚಿಕಿತ್ಸೆ. ನಡುವೆ ಕೆಡಿಸ್ಕೊಂಡು ಆಳಕ್ಕಿಳಿದ್ರೆ ಆಪರೇಷನ್, ತೊಡೆಯಿಂದ ಚರ್ಮ ತೆಗೆದು ಇಲ್ಲಿ ಕೂರಿಸ್ಬೇಕು. ಅದು ಹಿಡಿಯುತ್ತೆ ಅನ್ನೋ ಗ್ಯಾರಂಟಿ ನಾನು ಕೊಡಲ್ಲ."

ನೆಲಮಾಳಿಗೆಯ ಮೆಟ್ಟಿಲು ಹತ್ತಿ ಬರುವಾಗ ಹೆದರಿಕೆಯಾಯಿತು. ಆದರೆ ಯಾವುದಕ್ಕೆ ಹೆದರಬೇಕು ಎಂದು ಈಗ ಗೊತ್ತಿದೆ.

ಜುಲೈ 3

ದೊಡ್ಡಮ್ಮ ಸುದ್ದಿ ತಿಳಿದು ಬಂದರು.

"ಏನು ಹಚ್ಚಿದ್ರು?"

"ಏನೂ ಹಚ್ಚಿಲ್ಲ ದೊಡ್ಡಮ್ಮ, ಕಟ್ಟಿದ್ರು."

"ಬರೀ ಬಟ್ಟೆ ಸುತ್ತೋಕೆ ಡಾಕ್ಟರು ಬೇಕಾ? ಅಷ್ಟು ದೂರ ಹೋಗಿ? ಗಾಳಿ ಆಡ್ದೆ ಗಾಯ ಹೇಗೆ ಒಣಗುತ್ತೆ? ನಾವೇನು ಗಾಯ ನೋಡಿಲ್ವಾ?"

ನೋಡಿದ್ದೀರಿ, ಬೀದಿಯಲ್ಲಿ ಒಂದನ್ನೂ ಬಿಡದೆ. (ಇದೂ ಇಲ್ಲಿ ಬರೆದದ್ದು ಮಾತ್ರ.)

ಸಂಜೆ ಎದುರುಮನೆಯವರು ಬಂದು, ಕಟ್ಟಿದ ಕಾಲನ್ನು ಮುಚ್ಚಿದ ಅಂಗಡಿಯನ್ನು ನೋಡಿದ ಹಾಗೆ ನೋಡಿ, ನೀರು ಕುಡಿದು ಎದ್ದುಹೋದರು. "ಮ್ಯೂಸಿಯಂಗೆ ಬುಧವಾರದವರೆಗೆ ರಜಾ" ಎಂದ ಅಣ್ಣ. ಅಮ್ಮ ಮಾತ್ರ ಬಂದುಹೋಗುವಾಗಲೆಲ್ಲ ಪಟ್ಟಿಯನ್ನೇ ನೋಡುತ್ತಾಳೆ. ಒಳಗೆ ನಾನು ಏನನ್ನೋ ಬಚ್ಚಿಟ್ಟುಕೊಂಡಿದ್ದೇನೆ ಎನ್ನುವ ಹಾಗೆ.

ಜುಲೈ 7, ಸೋಮವಾರ

ಹೆಡ್‌ಮೇಡಂ ಹತ್ತಿರ ಕುರ್ಚಿ ಕೇಳಲು ಹೋದೆ. ಮೂರು ವಾಕ್ಯ ಸಿದ್ಧ ಮಾಡಿಕೊಂಡಿದ್ದೆ, ಒಂದೂವರೆ ಹೊರಗೆ ಬಂತು.

"ಒಬ್ಬರಿಗೆ ಕೊಟ್ರೆ ಎಲ್ಲರೂ ಕೇಳ್ತಾರೆ ಮಿಸ್." ಅರ್ಧ ಸುತ್ತು. "ನೋವಿಲ್ಲದೋರು ಯಾರಿದ್ದಾರೆ ಹೇಳಿ? ನಂಗೂ ಸೊಂಟ ನೋವು. ಮಕ್ಕಳ ಮುಂದೆ ತೋರಿಸ್ಕೋತೀನಾ?" ಇನ್ನರ್ಧ ಸುತ್ತು.

ಕುರ್ಚಿ ಸಾಂಕ್ರಾಮಿಕ ಎಂದು ಗೊತ್ತಿರಲಿಲ್ಲ. "ಸರಿ ಮೇಡಂ" ಎಂದು ಬಂದೆ. "ಸರಿಯಿಲ್ಲ ಮೇಡಂ" ಎಂದದ್ದು ಕಾರಿಡಾರಿನಲ್ಲಿ, ಗೋಡೆಗೆ.

ಜುಲೈ 9, ಬುಧವಾರ

ಪಟ್ಟಿ ಬಿಚ್ಚಿದಾಗ ಕಾಲು ನನ್ನ ಕಾಲಿನ ಹಾಗೆಯೇ ಇತ್ತು, ತೆಳ್ಳಗೆ. ಗಾಯದ ಅಂಚಿನಲ್ಲಿ ಸುತ್ತಲೂ ಗುಲಾಬಿ ಬಣ್ಣದ ಗೆರೆ. "ಹೊಸ ಚರ್ಮ. ಇದನ್ನ ಮುಟ್ಟದೆ ಬಿಡಿ, ಅದರ ಕೆಲಸ ಅದು ಮಾಡ್ಕೊಳ್ಳುತ್ತೆ" ಎಂದರು ಡಾಕ್ಟರು. ನಾನು ಆ ಗೆರೆಯನ್ನು ಎಷ್ಟು ಹೊತ್ತು ನೋಡಿದೆನೆಂದರೆ ಅವರು "ಫೋಟೋ ತೆಗೀಬೇಕಾ?" ಎಂದು ಕೇಳಿದರು. ಬೇಡ ಎಂದೆ. ತೆಗೆದರೆ ಮನೆಯಲ್ಲಿ ಎಲ್ಲರಿಗೂ ತೋರಿಸಬೇಕಾಗುತ್ತದೆ.

ಜುಲೈ 13, ಭಾನುವಾರ

ಬಿಚ್ಚಿದ್ದಾರೆ.

ಮಧ್ಯಾಹ್ನ ನೋವಿನ ಮಾತ್ರೆ ತೆಗೆದುಕೊಂಡು ಮಲಗಿದವಳಿಗೆ ಗಾಢ ನಿದ್ದೆ ಬಂದಿತ್ತು. ಎದ್ದಾಗ ದೊಡ್ಡಮ್ಮ ಹೊರಡುತ್ತಿದ್ದರು. ಅಮ್ಮ ಅಷ್ಟೊಂದು ಪ್ರೀತಿಯಿಂದ "ನಿದ್ದೆ ಚೆನ್ನಾಗಿ ಬಂತಾ?" ಎಂದು ಕೇಳಿದಾಗಲೇ ಅನುಮಾನ ಬಂತು. ಡಾಕ್ಟರು ಸುತ್ತುವಾಗ ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧವನ್ನು ಮುಚ್ಚುತ್ತದೆ, ಏಣಿಯ ಮೆಟ್ಟಿಲಿನ ಹಾಗೆ. ಈಗ ಹಾಸಿಗೆ ಸುರುಳಿ ಕಟ್ಟಿದ ಹಾಗಿದೆ. ಅಂಟುಪಟ್ಟಿಯ ತುದಿ ಹೊರಮಗ್ಗುಲಿಗಿತ್ತು, ಈಗ ಒಳಮಗ್ಗುಲಿಗಿದೆ. ಅಮ್ಮನ ಉಗುರಿನ ಸಂದಿಯಲ್ಲಿ ಹಸಿರು.

ಕೇಳಲಿಲ್ಲ. ತಟ್ಟೆ ಇಟ್ಟರು, ಉಂಡೆ. ಅಣ್ಣ ಏನೋ ತಮಾಷೆ ಮಾಡಿದ, ಎಲ್ಲರೂ ನಕ್ಕರು.

ಜುಲೈ 14, ಸೋಮವಾರ

ಎರಡನೇ ಪೀರಿಯಡ್ಡಿನ ಹೊತ್ತಿಗೆ ಬೆರಳುಗಳು ಜುಮ್ಮೆನ್ನುತ್ತಿದ್ದವು. ಚಪ್ಪಲಿ ಬಿಚ್ಚಿ ನೋಡಿದರೆ ಹೆಬ್ಬೆರಳು ನೀಲಿ. ಹೆಡ್‌ಮೇಡಂ ಕೋಣೆಯ ಬಾಗಿಲಲ್ಲಿ ನಿಂತು "ಆಸ್ಪತ್ರೆಗೆ ಹೋಗ್ತಿದ್ದೀನಿ" ಎಂದು ಹೇಳಿ ಹೊರಟೆ. ಅವರು "ರಜಾ ಅರ್ಜಿ" ಎಂದದ್ದು ಬೆನ್ನಿಗೆ ಕೇಳಿಸಿತು. ಆಟೋ ಬೇಗ ಸಿಕ್ಕಿತು.

ಬುಧವಾರವಲ್ಲದಿದ್ದರೂ ಡಾಕ್ಟರು ನೋಡಿದರು. ಮೊಣಕಾಲಿನ ಕೆಳಗೆ ಪಟ್ಟಿ ಹಗ್ಗದಂತೆ ಬಿಗಿದಿತ್ತು, ಕೆಳಗೆ ಸಡಿಲವಾಗಿತ್ತು. ಕತ್ತರಿಸಿ ತೆಗೆದರು. ಒಳಗೆಲ್ಲ ಹಸಿರು.

"ಇದೇನು?"

ನಾನು ಮೇಲೆ ತಿರುಗುವ ಫ್ಯಾನ್ ನೋಡಿದೆ.

"ಇದೇನು ಅಂದೆ."

"ದೊಡ್ಡಮ್ಮ."

"ಕಾಲು ದೊಡ್ಡಮ್ಮಂದಾ?"

ತೊಳೆದರು. ಸೊಪ್ಪಿನ ನಾರು ಗಾಯದೊಳಗೆ ಸಿಕ್ಕಿಕೊಂಡಿತ್ತು, ಒಂದೊಂದಾಗಿ ಚಿಮಟದಿಂದ ತೆಗೆದರು. ಗುಲಾಬಿ ಗೆರೆ ಒಂದು ಕಡೆ ಪೂರ್ತಿ ಹೋಗಿದೆ. ಸ್ವಲ್ಪ ಕೀವು ಕಂಡಿತು, ಪರೀಕ್ಷೆಗೆ ಕಳಿಸಿದ್ದಾರೆ. ನಾನು ಮಲಗಿದ್ದೆ, ಗೊತ್ತಾಗಲಿಲ್ಲ ಎಂದೆ.

"ಕೆಡಿಸಿದ್ದು ಯಾರು ಅಂತ ಗಾಯ ಕೇಳಲ್ಲಮ್ಮ," ಎಂದರು. "ಇನ್ನೊಂದ್ಸಲ ಹೀಗಾದ್ರೆ ನಾನು ಆಪರೇಷನ್‌ಗೆ ಬರೆದುಬಿಡ್ತೀನಿ."

ಹೊಸ ಪಟ್ಟಿ ಸುತ್ತಿ, ಬೆರಳುಗಳು ಗುಲಾಬಿಯಾಗುವವರೆಗೆ ಹೊರಗಿನ ಬೆಂಚಿನ ಮೇಲೆ ಕೂರಿಸಿದ್ದರು. ಅತ್ತೆನೋ ಏನೋ. ಪಕ್ಕದಲ್ಲಿ ಕೂತಿದ್ದ ಅಜ್ಜ ನೋಡಿಯೂ ನೋಡದ ಹಾಗೆ ಗೋಡೆ ಕಡೆ ತಿರುಗಿ ಕೂತರು.

ಜುಲೈ 15, ಮಂಗಳವಾರ

ಶಾಲೆಯಿಂದ ಬಂದು ನೇರ ಅಡುಗೆಮನೆಗೆ ಹೋದೆ. ಅಮ್ಮ ಒಲೆಯ ಮುಂದೆ ನಿಂತಿದ್ದಳು.

"ಯಾಕಮ್ಮ ಬಿಚ್ಚಿದ್ದು?"

"ಅಕ್ಕ ಅಂದ್ಲು, ಒಂದ್ಸಲ..."

"ದೊಡ್ಡಮ್ಮ ಮುದ್ದೆ ಹಚ್ಚಿದ್ರು, ಅದು ಗೊತ್ತು. ಬಿಚ್ಚಿದ್ದು ನೀನು. ಯಾಕೆ?"

ಅಮ್ಮ ಸೌಟು ಆಡಿಸುತ್ತಲೇ ಇದ್ದಳು. ತಳ ಹಿಡಿಯುವಂಥದ್ದೇನೂ ಪಾತ್ರೆಯಲ್ಲಿರಲಿಲ್ಲ, ಬರೀ ನೀರು ಕಾಯುತ್ತಿತ್ತು.

"ನಂಗೆ ನೋಡ್ಬೇಕಿತ್ತು," ಎಂದಳು.

"ಏನು ನೋಡ್ಬೇಕಿತ್ತು? ಐದು ತಿಂಗಳು ನೋಡಿದ್ದು ಸಾಲ್ಲಿಲ್ವಾ? ನನ್ನ ಬೆರಳು ನೀಲಿಯಾಗಿತ್ತು ಗೊತ್ತಾ? ಇನ್ನೊಂದ್ಸಲ ಹೀಗಾದ್ರೆ ತೊಡೆ ಚರ್ಮ ಕಿತ್ತು ಅಲ್ಲಿಗೆ ಹಾಕ್ತಾರಂತೆ."

ಅವಳು ಒಲೆ ಆರಿಸಿದಳು. ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ಸೀರೆಯ ಅಂಚನ್ನು ನಾಲ್ಕು ಬೆರಳಷ್ಟು ಎತ್ತಿದಳು.

ಹರಡಿನ ಒಳಮಗ್ಗುಲು ಕಪ್ಪಾಗಿದೆ. ಚರ್ಮ ಮರದ ತೊಗಟೆಯ ಹಾಗೆ ಗಟ್ಟಿ, ಕೆರೆದುಕೊಂಡ ಗೀರುಗಳು. ಮೇಲೆ ನೋಡಿದರೆ ಅದೇ ಹಗ್ಗಗಳು, ನನ್ನವಕ್ಕಿಂತ ದಪ್ಪ.

"ನಂದೂ ನಿಂದರ ಹಾಗೆ ಗಾಯವಾಗಿ ಬಾಯಿ ಬಿಡುತ್ತೇನೋ ಅಂತ ಭಯ," ಎಂದಳು. "ಕಟ್ಟಿದ್ಮೇಲೆ ನಿಂದು ಕಪ್ಪು ಹೋಗುತ್ತಾ ಅಂತ ನೋಡ್ಬೇಕಿತ್ತು."

"ಎಷ್ಟು ದಿನದಿಂದ?"

"ನೀನು ಹುಟ್ಟಿದಾಗಿಂದ ಊದುತ್ತೆ. ಸಂಜೆಯಾದ್ರೆ ಎಲ್ಲರಿಗೂ ಊದುತ್ತೆ. ದೊಡ್ಡಮ್ಮಂಗೂ ಇದೆ, ನಂಗಿಂತ ಜಾಸ್ತಿ. ಅದಕ್ಕೇ ಅವಳು ಯಾವಾಗ್ಲೂ ಕಾಲುಚೀಲ ಹಾಕೋದು. ಯಾರಿಗೂ ಹೇಳ್ಬೇಡ ಅಂದಿದ್ದಾಳೆ."

ನನ್ನ ಕಾಲನ್ನು ಎದುರುಮನೆಯವರಿಗೆ, ಎದುರುಮನೆಯವರ ನಾದಿನಿಗೆ, ಗ್ಯಾಸ್ ತಂದವನಿಗೆ ತೋರಿಸಿದ ಇಬ್ಬರು ಹೆಂಗಸರು ತಮ್ಮ ಕಾಲುಗಳನ್ನು ಗಂಡಂದಿರಿಗೂ ತೋರಿಸಿಲ್ಲ. ನಗಬೇಕೆನಿಸಿತು. ನಗು ಬರಲಿಲ್ಲ. ಸೀರೆ ಇಳಿಸು ಅಮ್ಮ, ಯಾರಾದರೂ ಬರುತ್ತಾರೆ ಎಂದೆ.

ಜುಲೈ 17

ಹೊಸದೇನಿಲ್ಲ. ಎಂಟನೇ ತರಗತಿಯಲ್ಲಿ ಮೇಜಿನ ಮೇಲೆಯೇ ಹತ್ತಿ ಕೂತು, ಮೊದಲ ಬೆಂಚಿನ ಮೇಲೆ ಎಡಗಾಲು ಚಾಚಿ ಪದ್ಯದ ಪಾಠ ಮಾಡಿದೆ. ಮಕ್ಕಳಿಗೆ ಖುಷಿ. ಹೆಡ್‌ಮೇಡಂ ಕಿಟಕಿಯಲ್ಲಿ ಕಂಡರು. "ಮಿಸ್, ಇದೇನು?" ಎಂದರು. ಡಾಕ್ಟರು ಹೇಳಿದ್ದಾರೆ, ಪದ್ಯ ಮುಗಿಸಿ ಬಂದು ಮಾತಾಡ್ತೀನಿ ಮೇಡಂ ಎಂದೆ. ಇನ್ನೆರಡು ನುಡಿ ಬಾಕಿ ಇದ್ದವು. ಮುಗಿಸಿ ಹೋದರೆ ಅವರು ಮನೆಗೆ ಹೋಗಿಬಿಟ್ಟಿದ್ದರು.

ಈ ಮಕ್ಕಳು ದೀರ್ಘಾಕ್ಷರಗಳನ್ನು ತಿನ್ನುತ್ತಾರೆ. ನಾಳೆ ಕಾಗುಣಿತ ಬರೆಸಬೇಕು.

ಜುಲೈ 20, ಭಾನುವಾರ

ದೊಡ್ಡಮ್ಮ ಬಂದರು, ಜೊತೆಗೆ ಅವರ ಪರಿಚಯದವರೊಬ್ಬರು. ಗಾಯ ನೋಡುವುದರಲ್ಲಿ ಅವರ ಕೈ ತುಂಬ ಒಳ್ಳೆಯದಂತೆ. ದೊಡ್ಡಮ್ಮ ನನ್ನ ಪಕ್ಕ ಕೂತು ಕಾಲಿನ ಮೇಲೆ ಕೈಯಿಟ್ಟರು.

"ಎಲ್ಲಿ, ಸ್ವಲ್ಪ ಬಿಚ್ಚು."

"ಬಿಚ್ಚೋ ಹಾಗಿಲ್ಲ ದೊಡ್ಡಮ್ಮ."

"ಇವರು ಬಸ್ಸಲ್ಲಿ ಬಂದಿದ್ದಾರೆ ಕಣೇ, ಇದಕ್ಕೋಸ್ಕರ."

"ನೀರು ಕುಡಿದು ಹೋಗ್ಲಿ ದೊಡ್ಡಮ್ಮ."

ಅವರ ಕೈಯನ್ನು ಎತ್ತಿ ಅವರ ತೊಡೆಯ ಮೇಲಿಟ್ಟೆ. ಅಪ್ಪನ ಪೇಪರು ಇಳಿದು, ಮತ್ತೆ ಏರಿತು. ದೊಡ್ಡಮ್ಮ ಅಮ್ಮನ ಕಡೆ ತಿರುಗಿ, "ನೋಡ್ದೇನೇ, ನಿನ್ನ ಮಗಳು ಓದಿದ್ದು ಸಾರ್ಥಕ ಆಯ್ತು" ಎಂದರು. ಅಮ್ಮ, ನಮ್ಮಮ್ಮ, "ಇರ್ಲಿ ಬಿಡಕ್ಕಾ, ಬುಧವಾರದವರೆಗೆ ಬಿಚ್ಚಬಾರದಂತೆ" ಎಂದಳು.

ಬಂದವರಿಗೆ ಬರಿಗೈಯಲ್ಲಿ ಹೋಗಲು ಮನಸ್ಸಾಗದೆ ಅಣ್ಣನ ನಾಲಿಗೆ ನೋಡಿ ಹೋದರು. ಪಿತ್ತವಂತೆ.

ಜುಲೈ 23, ಬುಧವಾರ

ಗುಲಾಬಿ ಗೆರೆ ವಾಪಸ್ ಬಂದಿದೆ, ಸುತ್ತಲೂ. ನಡುವಿನ ಹಳ್ಳ ಇನ್ನೂ ಇದೆ, ಆದರೆ ಕೆಂಪಗೆ ಚೊಕ್ಕಟವಾಗಿದೆ. ಕೀವಿನ ಪರೀಕ್ಷೆ ನೋಡಿ ಕೊಟ್ಟ ಮಾತ್ರೆ ಮುಗಿಸಬೇಕು. ಹೀಗೇ ಹೋದರೆ ಆಪರೇಷನ್ ಬೇಡ ಎಂದರು. ಎಷ್ಟು ವಾರ ಎಂದು ಕೇಳಿದ್ದಕ್ಕೆ, ಗಾಯಕ್ಕೆ ಕ್ಯಾಲೆಂಡರ್ ಓದಲು ಬರುವುದಿಲ್ಲ ಎಂದರು.

"ಈ ವಾರ ದೊಡ್ಡಮ್ಮ ರಜೆಯಲ್ಲಿದ್ರಾ?"

"ಇಲ್ಲ ಡಾಕ್ಟ್ರೇ, ಬಂದಿದ್ರು. ನಾನು ಎದ್ದಿದ್ದೆ."

ಪಟ್ಟಿ ಸುತ್ತಿ ಮುಗಿಯುವವರೆಗೆ ಕಾದು ಕೇಳಿದೆ: ಕಪ್ಪಾಗಿದೆ, ಗಟ್ಟಿಯಾಗಿದೆ, ತುರಿಸುತ್ತೆ, ಇನ್ನೂ ಬಾಯಿ ಬಿಟ್ಟಿಲ್ಲ. ಅಂಥ ಕಾಲಿಗೆ ಏನು ಮಾಡೋದು?

"ಕರ್ಕೊಂಡು ಬನ್ನಿ. ಬಾಯಿ ಬಿಡೋಕೆ ಮುಂಚೆ ಬರೋರು ನಂಗೆ ಸಿಗೋದೇ ಇಲ್ಲ. ಯಾರ ಕಾಲು?"

"ಇಬ್ಬರದು," ಎಂದೆ. ಹೆಸರು ಹೇಳಲಿಲ್ಲ.

ಮನೆಗೆ ಬಂದಾಗ ಅಮ್ಮ ಒಲೆಯ ಮುಂದೆ ನಿಂತು, ಒಂದು ಕಾಲಿನ ಹಿಮ್ಮಡಿಯಿಂದ ಇನ್ನೊಂದು ಕಾಲನ್ನು ಕೆರೆದುಕೊಳ್ಳುತ್ತಿದ್ದಳು. ಬಾ ಎಂದರೆ ಬರುವವಳಲ್ಲ. "ನಂಗೇನಾಗಿದೆ? ಮೊದಲು ನಿಂದು ವಾಸಿಯಾಗ್ಲಿ" ಎಂದಳು, ಮುಖ ತಿರುಗಿಸದೆ. ದೊಡ್ಡಮ್ಮನಂತೂ ತಮಗೆ ಕಾಲುಗಳಿವೆ ಎಂದೇ ಒಪ್ಪುವುದಿಲ್ಲ.

ಮುಂದಿನ ಬುಧವಾರ ಅಮ್ಮನಿಗೆ, ಒಬ್ಬಳೇ ಹೋಗೋಕೆ ಭಯ, ಜೊತೆಗೆ ಬಾ ಎನ್ನುತ್ತೇನೆ. ನನ್ನ ಪುಕ್ಕಲುತನ ಊರಿಗೇ ಗೊತ್ತು, ಕೂಡಲೇ ನಂಬುತ್ತಾಳೆ. ದೊಡ್ಡಮ್ಮನಿಗೆ ನಾಳೆಯೇ ಫೋನ್ ಮಾಡಿ, ಆ ಡಾಕ್ಟರಿಗೆ ನಿಜವಾಗಿ ಏನಾದ್ರೂ ಗೊತ್ತಿದೆಯಾ ನೀವೇ ಬಂದು ಪರೀಕ್ಷೆ ಮಾಡ್ಬೇಕು ಎನ್ನುತ್ತೇನೆ. ಅವರು ನಮಗಿಂತ ಮೊದಲೇ ಆಸ್ಪತ್ರೆ ಗೇಟಿನಲ್ಲಿ ನಿಂತಿರುತ್ತಾರೆ. ಸ್ಟೂಲಿನ ಮೇಲೆ ಅವರನ್ನೇ ಮೊದಲು ಹತ್ತಿಸಬೇಕು. ಅಕ್ಕ ಹತ್ತಿದರೆ ತಂಗಿ ಹತ್ತುತ್ತಾಳೆ.

ಅವರು ಕಾಲುಚೀಲ ತೆಗೆಯುವ ಹೊತ್ತಿಗೆ ನಾನು ಬಾಗಿಲು ಎಳೆದುಕೊಂಡು ಹೊರಗೆ ಬರುತ್ತೇನೆ, ಬೆಂಚಿನ ಮೇಲೆ ಕೂರುತ್ತೇನೆ. ನೋಡುವುದಿಲ್ಲ.